ಒಂದೇ ರಸ್ತೆಯ ಮೂರು ಹಳ್ಳಿಗೆ ಫೈಬರ್: ವ್ಯಾಪಾರಕ್ಕೆ ತಾಳುವಂತೆ ಎಳೆಯುವುದು ಹೇಗೆ?

ಪ್ರಶ್ನೆ: ಹೊಲದಂಚು

ಎಲ್ಲರಿಗೂ ನಮಸ್ಕಾರ. ಟೆಂಡರ್ ಕರೆಯುವ ಮುನ್ನ ನಕ್ಷೆಯನ್ನು ತಿಳಿದವರ ಮುಂದಿಡುತ್ತಿದ್ದೇನೆ. ಬ್ಯಾಂಡ್‌ವಿಡ್ತ್ ಸಿಗುವ ಹತ್ತಿರದ ಎಕ್ಸ್‌ಚೇಂಜಿನಿಂದ ಮೊದಲ ಹಳ್ಳಿ 9 ಕಿ.ಮೀ., ಎರಡನೆಯದು 11, ಮೂರನೆಯದು 14. ಮೂರೂ ಒಂದೇ ರಸ್ತೆಯ ಮೇಲಿವೆ. ಒಟ್ಟು 260 ಮನೆ, ಜೊತೆಗೆ 40 ವ್ಯಾಪಾರದ ಜಾಗ: ಕೋಲ್ಡ್ ಸ್ಟೋರೇಜ್, ಮರದ ಮಿಲ್, ಗೋದಾಮು, ಕ್ಲಿನಿಕ್, ಲೆಕ್ಕಪತ್ರದ ಕಚೇರಿ, ಒಂದಷ್ಟು ಅಂಗಡಿ, ಎರಡು ಅತಿಥಿಗೃಹ. ಯೋಜನೆ ಹುಟ್ಟಿದ್ದೇ ಆ 40 ಜಾಗಗಳಿಗಾಗಿ. ಮನೆಗಳು ಜೊತೆಗೆ ಬರುತ್ತವೆ.

ಕೇಳಬೇಕಾದ್ದು ಇಷ್ಟು. ಒಂದೇ ಫೈಬರನ್ನು ಹಲವರಿಗೆ ಹಂಚುವ ಜಿಪಾನ್ ವ್ಯವಸ್ಥೆ ಸಾಕೇ, ಇಲ್ಲ ಈಗಲೇ ಅದಕ್ಕಿಂತ ವೇಗದ ಎಕ್ಸ್‌ಜಿಎಸ್-ಪಾನ್ ಹಾಕಬೇಕೇ? ಬೆಳಕನ್ನು ಕವಲಾಗಿ ಹಂಚುವ ಸ್ಪ್ಲಿಟರ್ ಎಲ್ಲಿ, ಎಷ್ಟು ಕವಲಿನದು? ಕೇಬಲ್ ಕಂಬದ ಮೇಲೋ, ನೆಲದೊಳಗೋ? ವ್ಯಾಪಾರದವರಿಗೆ ಕೊಡುವ ಕನೆಕ್ಷನ್ ಮನೆಯದಕ್ಕಿಂತ ನಿಜವಾಗಿ ಯಾವುದರಲ್ಲಿ ಬೇರೆ ಇರಬೇಕು? ಕೊನೆಯ ಪ್ರಶ್ನೆಗೆ ಹೆಚ್ಚಿನ ಕಡೆ ಸಿಗುವ ಉತ್ತರ "ಸ್ಪೀಡ್ ಜಾಸ್ತಿ" ಎಂದಷ್ಟೇ. ಅದಕ್ಕಿಂತ ಆಳದ ಉತ್ತರ ಬೇಕು.

ಉತ್ತರ 1: ಡೆಸಿಬೆಲ್

ಮೊದಲು ಲಾಸ್ (ದಾರಿಯಲ್ಲಿ ಬೆಳಕು ಕುಗ್ಗುವ ಪ್ರಮಾಣ, ಡಿಬಿ ಎಂಬ ಅಳತೆಯಲ್ಲಿ) ಲೆಕ್ಕ ಹಾಕೋಣ, ಉಳಿದ ತೀರ್ಮಾನಗಳು ಅದರ ಹಿಂದೆ ಬರುತ್ತವೆ. ಜಿಪಾನಿನಲ್ಲಿ ಕೆಳಮುಖ (ಎಕ್ಸ್‌ಚೇಂಜಿನಿಂದ ಗ್ರಾಹಕರಿಗೆ) ಬೆಳಕು 1490 ನ್ಯಾನೋಮೀಟರ್, ಮೇಲ್ಮುಖ (ಗ್ರಾಹಕರಿಂದ ಹಿಂದಕ್ಕೆ) 1310. ಸಾಮಾನ್ಯವಾಗಿ ಹಾಕುವ ಜಿ.652ಡಿ ಫೈಬರಿನಲ್ಲಿ 1310ರ ಲಾಸ್ ಹೆಚ್ಚು, ಕಿ.ಮೀ.ಗೆ 0.35 ಡಿಬಿ ಹಿಡಿಯಬೇಕು. ಹಾಗಾಗಿ ಮಿತಿ ನಿರ್ಧಾರವಾಗುವುದು ಮೇಲ್ಮುಖ ದಾರಿಯಲ್ಲಿ.

ನಿಮ್ಮ ಮೂರನೆಯ ಹಳ್ಳಿಗೆ: 14 ಕಿ.ಮೀ.ಗೆ 4.9 ಡಿಬಿ. 1:4 ಸ್ಪ್ಲಿಟರ್ 7.2, ಅದರ ಹಿಂದೆ 1:8 ಸ್ಪ್ಲಿಟರ್ 10.5, ಎರಡೂ ಸೇರಿ 32 ಜನಕ್ಕೆ 17.7. ಹತ್ತು ಸ್ಪ್ಲೈಸ್ (ಫೈಬರ್ ತುದಿಗಳನ್ನು ಕರಗಿಸಿ ಬೆಸೆದ ಜೋಡಣೆ), ಒಂದಕ್ಕೆ 0.1ರಂತೆ 1.0. ನಾಲ್ಕು ಕನೆಕ್ಟರ್, ಒಂದಕ್ಕೆ 0.5ರಂತೆ 2.0. ಮೊತ್ತ 25.6. ಇದರ ಮೇಲೆ ಮುಂದಿನ ರಿಪೇರಿ ಮತ್ತು ಸವೆತಕ್ಕೆ 3 ಡಿಬಿ ಮೀಸಲು ಇಟ್ಟರೆ 28.6. ಬಿ ಪ್ಲಸ್ ದರ್ಜೆಯ ಬೆಳಕಿನ ಮಾಡ್ಯೂಲಿನ ಬಜೆಟ್ (ತಾಳಬಲ್ಲ ಒಟ್ಟು ಲಾಸ್) 28 ಡಿಬಿ, ಅದು ಸಾಲುವುದಿಲ್ಲ. ಸಿ ಪ್ಲಸ್‌ಗೆ 32 ಡಿಬಿ ಇದೆ, ಅದನ್ನೇ ಬರೆಸಿ. "ಮೀಸಲು ಬಿಟ್ಟರೆ ಬಿ ಪ್ಲಸ್ ಸಾಕಲ್ಲ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ 3 ಡಿಬಿ ಇಲ್ಲದ ಲೈನ್ ಹಲವು ಸಲ ತುಂಡಾಗಿ ಜೋಡಣೆಯಾಗಿ, ಸವೆತವೂ ಸೇರಿದ ಮೇಲೆ ಕೊನೆಯ ಹಳ್ಳಿಯಲ್ಲಿ ಬಿಟ್ಟುಬಿಟ್ಟು ಬರಲು ಶುರುವಾಗುತ್ತದೆ. ಆಮೇಲೆ ಕಾರಣ ಹುಡುಕುವುದು ಬಲು ಕಷ್ಟ, ಏಕೆಂದರೆ ಯಾವ ಒಂದು ಜಾಗದಲ್ಲೂ ದೊಡ್ಡ ದೋಷ ಕಾಣುವುದಿಲ್ಲ.

ಸಿ ಪ್ಲಸ್ ಹಾಕಿದಾಗ ಇನ್ನೊಂದು ತುದಿಯ ತೊಂದರೆಯನ್ನೂ ನೋಡಿಕೊಳ್ಳಬೇಕು. ಅದಿರುವ ಓಎಲ್‌ಟಿ (ಎಕ್ಸ್‌ಚೇಂಜಿನಲ್ಲಿ ಕೂರುವ ಮುಖ್ಯ ಸಾಧನ) +3ರಿಂದ +7 ಡಿಬಿಎಂ (ಬೆಳಕಿನ ಬಲದ ಅಳತೆ) ತನಕ ಕಳಿಸುತ್ತದೆ. ಮೊದಲ ಹಳ್ಳಿಯಲ್ಲಿ ಯಾರಿಗಾದರೂ ಬರೀ 1:4ರ ಹಿಂದೆ ಕನೆಕ್ಷನ್ ಕೊಟ್ಟರೆ, 7ರಲ್ಲಿ 7.2, ಫೈಬರಿಗೆ 2.3, ಕನೆಕ್ಟರ್ ಮತ್ತು ಜೋಡಣೆಗೆ 1.5 ಕಳೆದು ಸುಮಾರು −4 ಡಿಬಿಎಂ ತಲುಪುತ್ತದೆ. ಓಎನ್‌ಟಿ (ಗ್ರಾಹಕರ ಕಡೆಯ ಪೆಟ್ಟಿಗೆ) ತಾಳುವ ಮೇಲಿನ ಮಿತಿ −8. ಅಲ್ಲಿ ಬೆಳಕು ತಗ್ಗಿಸುವ 10 ಡಿಬಿ ಅಟೆನ್ಯುಯೇಟರ್ ಹಾಕಲೇಬೇಕು. ಬೆಳಕು ಹೆಚ್ಚಾದರೂ ಲೈನ್ ಕೆಡುತ್ತದೆ, ರಿಸೀವರ್ ಹಾಳಾಗಲೂಬಹುದು.

ಜಿಪಾನೋ ಎಕ್ಸ್‌ಜಿಎಸ್ಸೋ? ಜಿಪಾನ್ ಒಂದು ಪೋರ್ಟಿಗೆ ಕೆಳಮುಖ 2.488 ಜಿಬಿಪಿಎಸ್, ಮೇಲ್ಮುಖ 1.244. 32 ಜನಕ್ಕೆ ಭಾಗಿಸಿದರೆ ಏಕಕಾಲಕ್ಕೆ ತಲಾ ಸುಮಾರು 78 ಎಂಬಿಪಿಎಸ್ ಕೆಳಗೆ, 39 ಮೇಲೆ. ಎಲ್ಲರೂ ಒಟ್ಟಿಗೆ ಎಳೆಯುವುದು ಅಪರೂಪ, ಆದ್ದರಿಂದ ಮನೆಗಳಿಗೆ ಧಾರಾಳ. ಎಕ್ಸ್‌ಜಿಎಸ್ 1577 ಮತ್ತು 1270 ನ್ಯಾನೋಮೀಟರ್ ಬಳಸುವುದರಿಂದ ಅದೇ ಫೈಬರ್, ಅದೇ ಸ್ಪ್ಲಿಟರಿನ ಮೇಲೆ ಜಿಪಾನಿನ ಜೊತೆಯಲ್ಲೇ ನಂತರ ಸೇರಿಸಬಹುದು. ಎರಡನ್ನೂ ಕೂಡಿಸುವ ಸಾಧನಕ್ಕೆ ಸುಮಾರು 1 ಡಿಬಿ ಲಾಸ್ ಇದೆ, ಅದನ್ನು ಈಗಿನ ಲೆಕ್ಕಕ್ಕೇ ಸೇರಿಸಿಬಿಡಿ: 29.6. ಎಕ್ಸ್‌ಜಿಎಸ್‌ನ ಎನ್1 ದರ್ಜೆಯ 29 ಡಿಬಿ ಇದಕ್ಕೆ ಸಾಲದು, ಎನ್2ರ 31 ಬೇಕು. 1270ರಲ್ಲಿ ಲಾಸ್ ತುಸು ಹೆಚ್ಚೇ ಇರುವುದರಿಂದ ವ್ಯಾಪಾರದವರ ಸ್ಪ್ಲಿಟರನ್ನು 1:16ಕ್ಕೆ ನಿಲ್ಲಿಸುವುದು ಕ್ಷೇಮ.

ಫೀಡರ್ ಕೇಬಲ್ (ಎಕ್ಸ್‌ಚೇಂಜಿನಿಂದ ಹಳ್ಳಿಗಳಿಗೆ ಬರುವ ಮುಖ್ಯ ಕೇಬಲ್) 48 ಫೈಬರಿನದು ಇರಲಿ. ಮನೆಗಳಿಗೆ 1:32ರಂತೆ 9, ವ್ಯಾಪಾರಕ್ಕೆ 1:16ರಂತೆ 3, ಒಟ್ಟು 12 ಪೋರ್ಟ್. ಇದಕ್ಕೆ 16 ಪೋರ್ಟಿನ ಓಎಲ್‌ಟಿ ಹೊಂದುತ್ತದೆ. ಉಳಿದ ಫೈಬರ್ ಪ್ರತ್ಯೇಕ ಲೈನ್ ಕೇಳುವ ದೊಡ್ಡ ಘಟಕಕ್ಕೆ, ಮೊಬೈಲ್ ಟವರಿಗೆ, ಬದಲಿ ದಾರಿಗೆ. ಖರ್ಚೆಲ್ಲ ಅಗೆತದಲ್ಲಿ ಮತ್ತು ಕಂಬದ ಕೆಲಸದಲ್ಲಿದೆ. 24ರ ಬದಲು 48 ಫೈಬರ್ ತಂದರೆ ಒಟ್ಟು ಮೊತ್ತ ಅಷ್ಟೇನೂ ಏರದು.

ಉತ್ತರ 2: ಕಂಬಸಾಲು

ಡೆಸಿಬೆಲ್ ಅವರ ಲೆಕ್ಕಕ್ಕೆ ಒಂದು ತಿದ್ದುಪಡಿ. ನಕ್ಷೆಯ 14 ಕಿ.ಮೀ. ಎಂದರೆ ಕೇಬಲಿನ 14 ಕಿ.ಮೀ. ಅಲ್ಲ. ಜೋತು, ತಿರುವು, ಜಾಯಿಂಟಿನ ಬಳಿ ಬಿಡುವ ಲೂಪ್ ಎಲ್ಲ ಸೇರಿ 5 ಪ್ರತಿಶತ ಹೆಚ್ಚು ಹಿಡಿಯಿರಿ, 14.7 ಕಿ.ಮೀ. ಆಗುತ್ತದೆ. ಲಾಸ್ ಕಾಲು ಡಿಬಿ ಏರುತ್ತದೆ, ಸಿ ಪ್ಲಸ್ ತಡೆದುಕೊಳ್ಳುತ್ತದೆ. ಡ್ರಮ್ 4 ಕಿ.ಮೀ.ನದೇ ಕೇಳಿ. ಆಗ 4 ಡ್ರಮ್, ದಾರಿಯಲ್ಲಿ 3 ಜಾಯಿಂಟ್. 2 ಕಿ.ಮೀ. ಡ್ರಮ್ ಬಂದರೆ 8 ಡ್ರಮ್, 7 ಜಾಯಿಂಟ್. ಮಳೆಗಾಲದಲ್ಲಿ ನೀರು ಹೊಕ್ಕು ಕೆಡುವ ಜಾಗ ಜಾಯಿಂಟೇ, ಆದ್ದರಿಂದ ಅದರ ಸಂಖ್ಯೆ ಕಡಿಮೆ ಮಾಡಲು ಏನು ಮಾಡಿದರೂ ಸರಿ. ಡ್ರಮ್ ಇಳಿದ ದಿನವೇ ಓಟಿಡಿಆರ್‌ನಿಂದ (ಬೆಳಕು ಕಳಿಸಿ ಲಾಸ್ ಮತ್ತು ದೋಷದ ದೂರ ಅಳೆಯುವ ಯಂತ್ರ) ಪ್ರತಿ ಫೈಬರ್ ಪರೀಕ್ಷಿಸಿ ದಾಖಲಿಸಿ. ಎಳೆದ ಮೇಲೆ ದೋಷ ಕಂಡರೆ ಅದು ಕಾರ್ಖಾನೆಯದೋ ಎಳೆದವರದೋ ಎಂದು ಬಗೆಹರಿಯುವುದಿಲ್ಲ.

ಕಂಬವೋ ನೆಲವೋ ಎಂದರೆ ಎಕ್ಸ್‌ಚೇಂಜಿನಿಂದ ಮೊದಲ ಹಳ್ಳಿಯ 9 ಕಿ.ಮೀ. ನೆಲದೊಳಗೆ, ಹಳ್ಳಿಯೊಳಗಿನ ಹಂಚಿಕೆ ಕಂಬದ ಮೇಲೆ. ಆ 9 ಕಿ.ಮೀ. ತುಂಡಾದರೆ ಮೂರೂ ಹಳ್ಳಿ ಒಟ್ಟಿಗೆ ನಿಲ್ಲುತ್ತವೆ. ಮರ ಬಿದ್ದು, ಲಾರಿ ತಗಲಿ, ಕಂಬ ವಾಲಿ ಹೋಗುವ ಅಪಾಯವನ್ನು ಅಲ್ಲಿ ಇಟ್ಟುಕೊಳ್ಳಬಾರದು. ಹಳ್ಳಿಯೊಳಗೆ ತುಂಡಾದರೆ ನಿಲ್ಲುವುದು ಒಂದು ಬೀದಿ.

ನೆಲದ ಕೆಲಸ: ಕಾಲುವೆ 1ರಿಂದ 1.2 ಮೀಟರ್ ಆಳ, ತಳದಲ್ಲಿ ಕಲ್ಲಿಲ್ಲದ ಮರಳು ಅಥವಾ ಸೋಸಿದ ಮಣ್ಣು, ಅದರ ಮೇಲೆ 40 ಮಿ.ಮೀ. ಹೊರವ್ಯಾಸದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಡಕ್ಟ್. ಡಕ್ಟಿನ ಮೇಲೆ 30ರಿಂದ 40 ಸೆಂ.ಮೀ. ಎತ್ತರದಲ್ಲಿ ಎಚ್ಚರಿಕೆ ಪಟ್ಟಿ. ಪಟ್ಟಿಯನ್ನು ಡಕ್ಟಿಗೇ ಅಂಟಿದಂತೆ ಹಾಸಿದರೆ ಪ್ರಯೋಜನವಿಲ್ಲ. ಜೆಸಿಬಿ ಹಲ್ಲಿಗೆ ಪಟ್ಟಿ ಸಿಕ್ಕಾಗ ಡಕ್ಟ್ ಇನ್ನೂ ಕೆಳಗಿರಬೇಕು. ಎರಡು ಡಕ್ಟ್ ಹಾಕಿ, ಒಂದು ಖಾಲಿ ಇರಲಿ. ಗಾಳಿಯ ಒತ್ತಡದಿಂದ ಕೇಬಲ್ ಊದಿ ತೂರಿಸುವ ಮುನ್ನ ಸ್ಪಂಜ್ ಹಾಯಿಸಿ, ಗಾಳಿ ತುಂಬಿ ಸೋರಿಕೆ ನೋಡಿ. ಕಪ್ಲರ್ ಒಂದು ಸಡಿಲವಾಗಿದ್ದರೂ ಗಾಳಿ ಅಲ್ಲೇ ಹೋಗಿ ಕೇಬಲ್ ಮುಂದೆ ಸಾಗುವುದಿಲ್ಲ. ಖಾಲಿ ಡಕ್ಟಿನ ಎರಡೂ ತುದಿಗೆ ಪ್ಲಗ್ ಹಾಕದಿದ್ದರೆ ಕೆಸರು ತುಂಬಿ, ಬೇಕಾದಾಗ ಅದು ಬಳಕೆಗೆ ಬಾರದು.

ಕೈಯಲ್ಲಿ ಎಳೆಯುವ ಕಡೆ ಸ್ವಿವೆಲ್ (ತಾನೇ ತಿರುಗುವ ಕೊಂಡಿ) ಕಡ್ಡಾಯ, ಇಲ್ಲದಿದ್ದರೆ ತಿರುಚು ಕೇಬಲಿನೊಳಗೇ ಉಳಿಯುತ್ತದೆ. ಸಾಮಾನ್ಯ ಹೊರಾಂಗಣ ಕೇಬಲಿನ ಎಳೆತದ ಮಿತಿ 2,700 ನ್ಯೂಟನ್ ಆಸುಪಾಸು, ನಿಮ್ಮ ಕೇಬಲಿನದನ್ನು ಅದರ ತಾಂತ್ರಿಕ ಹಾಳೆಯಲ್ಲಿ ನೋಡಿ. ಬಾಗು: ಎಳೆಯುವಾಗ ಕೇಬಲ್ ವ್ಯಾಸದ 20 ಪಟ್ಟು, ಕೂರಿಸಿದ ಮೇಲೆ 10 ಪಟ್ಟು. 12 ಮಿ.ಮೀ. ಕೇಬಲಿಗೆ 24 ಮತ್ತು 12 ಸೆಂ.ಮೀ. ತ್ರಿಜ್ಯ. ನಡುವೆ ಕೇಬಲ್ ತೆಗೆದು ನೆಲದ ಮೇಲೆ ಇಡಬೇಕಾದರೆ ಎಂಟರ ಆಕಾರದಲ್ಲೇ ಸುತ್ತಿ.

ಕಂಬದ ಮೇಲೆ, ಅದರಲ್ಲೂ ವಿದ್ಯುತ್ ಕಂಬದ ಮೇಲೆ, ಲೋಹವೇ ಇಲ್ಲದ ಎಡಿಎಸ್‌ಎಸ್ ಕೇಬಲ್ ಮಾತ್ರ. ನಿಮ್ಮ ಕಂಬಗಳ ನಡುವಿನ ಅಂತರಕ್ಕೆ ತಯಾರಾದದ್ದನ್ನೇ ತರಿಸಿ. 80 ಮೀಟರಿನ ಕೇಬಲನ್ನು 120 ಮೀಟರಿಗೆ ಬಿಗಿದರೆ ಫೈಬರಿಗೇ ಎಳೆತ ಬೀಳುತ್ತದೆ. ತಿರುವಿನ ಕಂಬದಲ್ಲಿ ಟೆನ್ಷನ್ ಕ್ಲಾಂಪ್, ನೇರ ಸಾಲಿನಲ್ಲಿ ಸಸ್ಪೆನ್ಷನ್ ಕ್ಲಾಂಪ್. ಬೈಂಡಿಂಗ್ ತಂತಿಯಿಂದ ಕಟ್ಟುವುದನ್ನು ಟೆಂಡರಿನಲ್ಲೇ ನಿಷೇಧಿಸಿ. ಅದು ಹೊದಿಕೆಯನ್ನು ಒತ್ತಿ ಒಳಗಿನ ಫೈಬರನ್ನು ಸೂಕ್ಷ್ಮವಾಗಿ ಬಾಗಿಸುತ್ತದೆ, ಬಿಸಿಲು ಚಳಿಗೆ ಲಾಸ್ ಏರಿಳಿಯುತ್ತದೆ.

ಜಾಯಿಂಟಿನ ಎರಡೂ ಬದಿಗೆ 10ರಿಂದ 15 ಮೀಟರ್ ಲೂಪ್ ಬಿಡಿ, ಕ್ಲೋಷರನ್ನು (ಜಾಯಿಂಟ್ ಮುಚ್ಚುವ ಪೆಟ್ಟಿಗೆ) ಕೆಳಗಿಳಿಸಿ ಮೇಜಿನ ಮೇಲೆ ಕೆಲಸ ಮಾಡುವಷ್ಟು. ಕ್ಲೋಷರಿನಲ್ಲಿ ಅತಿ ಹೆಚ್ಚು ಬಿಟ್ಟುಹೋಗುವುದು ಕೇಬಲಿನ ನಡುಗಂಬಿಯನ್ನು ಬಿಗಿಯುವ ಕೆಲಸ. ಅದು ಸಡಿಲವಿದ್ದರೆ ಉಷ್ಣತೆ ಬದಲಾದಂತೆ ಕೇಬಲ್ ಒಳಗೆ ಹೊರಗೆ ಸರಿದು ಟ್ಯೂಬುಗಳನ್ನು ಮಡಚುತ್ತದೆ. ಸ್ಪ್ಲೈಸ್ ಮಾಡುವ ಮುನ್ನ ಜೆಲ್ ಪೂರ್ತಿ ಒರೆಸಿ, 99 ಪ್ರತಿಶತದ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಫೈಬರ್ ಶುಚಿ ಮಾಡಿ. ಕ್ಲೀವ್ ಕೋನ (ಕತ್ತರಿಸಿದ ತುದಿಯ ಓರೆ) 1 ಡಿಗ್ರಿ ಮೀರಿದರೆ ಮತ್ತೆ ಕತ್ತರಿಸಿ. ಸ್ಪ್ಲೈಸ್ ಯಂತ್ರ ತೋರಿಸುವ 0.02 ಡಿಬಿ ಬರೀ ಅಂದಾಜು. ನಿಜವಾದ ಲಾಸ್ ಓಟಿಡಿಆರ್‌ನಲ್ಲಿ ಎರಡೂ ಕಡೆಯಿಂದ ಅಳೆದು ಸರಾಸರಿ ತೆಗೆದಾಗ ತಿಳಿಯುತ್ತದೆ. ಒಂದೇ ಕಡೆಯಿಂದ ಅಳೆದರೆ ಕೆಲವು ಜೋಡಣೆಗಳಲ್ಲಿ ಬೆಳಕು ಹೆಚ್ಚಾದಂತೆಯೂ ಕಾಣುತ್ತದೆ. ಎರಡು ಫೈಬರಿನ ಬೆಳಕಿನ ಕ್ಷೇತ್ರದ ಅಗಲ ತುಸು ಬೇರೆ ಇರುವುದೇ ಅದಕ್ಕೆ ಕಾರಣ.

ಮರುಪ್ರಶ್ನೆ: ಹೊಲದಂಚು

ತುಂಬ ಉಪಕಾರವಾಯಿತು. ಒಂದು ಸಂದೇಹ. ಎರಡನೆಯ ಮತ್ತು ಮೂರನೆಯ ಹಳ್ಳಿಯ ನಡುವಿನ 3 ಕಿ.ಮೀ.ನಲ್ಲಿ ಗೋದಾಮು, ಮಿಲ್ ಸೇರಿ ಐದಾರು ಘಟಕಗಳು ರಸ್ತೆಯುದ್ದಕ್ಕೂ ಚದುರಿವೆ. ಪ್ರತಿಯೊಂದಕ್ಕೂ ಹಳ್ಳಿಯ ಸ್ಪ್ಲಿಟರಿನಿಂದ ಫೈಬರ್ ಒಯ್ಯಬೇಕೇ, ಇಲ್ಲ 90/10 ಟ್ಯಾಪ್ ಸ್ಪ್ಲಿಟರ್ (10 ಪ್ರತಿಶತ ಬೆಳಕು ಇಳಿಸಿ 90 ಮುಂದೆ ಬಿಡುವಂಥದು) ಸಾಲಾಗಿ ಹಾಕಬಹುದೇ?

ಉತ್ತರ 3: ಡೆಸಿಬೆಲ್

ಹಾಕಬಹುದು, ಟ್ಯಾಪ್ ಹೊಂದುವುದೇ ಇಂಥ ಜಾಗಕ್ಕೆ. 90/10ರಲ್ಲಿ ಮುಂದೆ ಹೋಗುವ ಕಾಲಿಗೆ ಸುಮಾರು 0.7 ಡಿಬಿ, ಇಳಿಸಿಕೊಳ್ಳುವ ಕಾಲಿಗೆ ಸುಮಾರು 11. 11 ಕಿ.ಮೀ.ನಲ್ಲಿ ಮೊದಲ ಟ್ಯಾಪ್ ಎನ್ನಿ. ಓಎಲ್‌ಟಿ +3 ಕೊಟ್ಟರೆ ಫೈಬರಿಗೆ 2.75, ಕನೆಕ್ಟರ್ ಜೋಡಣೆಗೆ 1.5 ಕಳೆದು ಅಲ್ಲಿಗೆ −1.25 ಡಿಬಿಎಂ. ಇಳಿಯುವ ಕಾಲಿನಲ್ಲಿ −12.25. ಅದರ ಹಿಂದೆ 1:4 ಹಾಕಿದರೆ −19.5, ಚೆನ್ನಾಗಿದೆ, ಮೂರು ಪೋರ್ಟ್ ಮುಂದಿನವರಿಗೂ ಉಳಿಯಿತು. ನಾಲ್ಕು ಟ್ಯಾಪ್ ದಾಟಿದ ಮೇಲೆ, ಜೋಡಣೆ ಸೇರಿ ತಲಾ 0.9ರಂತೆ, ಮುಖ್ಯ ಸಾಲಿನಲ್ಲಿ ಇನ್ನೂ −4.9 ಇರುತ್ತದೆ, ಉಳಿದ ದೂರಕ್ಕೆ ಇನ್ನೊಂದು 0.75 ಕಳೆಯಿರಿ. ಕೊನೆಗೆ 1:8 ಹಾಕಿದರೂ −16 ಆಸುಪಾಸು.

ಎರಡು ಎಚ್ಚರಿಕೆ. ಟ್ಯಾಪಿನ ಕಾಲುಗಳು ಅದಲುಬದಲಾದರೆ ಆ ಘಟಕಕ್ಕೆ ಬೆಳಕು ಅತಿಯಾಗಿ, ಅದರಾಚೆಗಿನವರೆಲ್ಲ ಕತ್ತಲಲ್ಲಿ ಉಳಿಯುತ್ತಾರೆ. ಪ್ರತಿ ಕ್ಲೋಷರ್ ಮುಚ್ಚುವ ಮುನ್ನ ಎರಡೂ ಕಾಲನ್ನು ಪವರ್ ಮೀಟರಿನಲ್ಲಿ ಅಳೆದು ಒಳಗೇ ಬರೆದಂಟಿಸಿ. ಇನ್ನೊಂದು, ಸಾಲಿನ ನಡುವೆ ಹೊಸ ಟ್ಯಾಪ್ ತೂರಿಸಿದಾಗಲೆಲ್ಲ ಅದರಾಚೆಗಿನವರ ಮಟ್ಟ ಇಳಿಯುತ್ತದೆ. ಎಲ್ಲಿ ಹೊಸ ಘಟಕ ಬರುವ ಸೂಚನೆ ಇದೆಯೋ ಅಲ್ಲಿ ಈಗಲೇ ಟ್ಯಾಪ್ ಹಾಕಿ ಕಾಲನ್ನು ಮುಚ್ಚಿಡಿ.

ಉತ್ತರ 4: ಮೇಲ್ಮುಖ

ನಿಮ್ಮ ಕೊನೆಯ ಪ್ರಶ್ನೆಗೆ ಇನ್ನೂ ಯಾರೂ ಕೈಹಾಕಿಲ್ಲ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ವ್ಯಾಪಾರಕ್ಕೆ ಬೇಕಾದದ್ದು ಅಪ್‌ಲೋಡ್, ಹೊರಗಿನಿಂದ ತಲುಪಬಲ್ಲ ವಿಳಾಸ, ಮತ್ತು ನಿಂತರೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಖಾತರಿ. ಡೌನ್‌ಲೋಡ್ ಸ್ಪೀಡ್ ಇವುಗಳ ನಂತರ.

ಅಪ್‌ಲೋಡ್ ನೋಡಿ. ಗೋದಾಮಿನ 8 ಕ್ಯಾಮೆರಾ ತಲಾ 3 ಎಂಬಿಪಿಎಸ್‌ನಂತೆ ಹೊರಗೆ ಕಳಿಸಿದರೆ 24 ಎಂಬಿಪಿಎಸ್, ಹಗಲು ರಾತ್ರಿ ಬಿಡುವಿಲ್ಲದೆ. ಲೆಕ್ಕಪತ್ರದ ಕಚೇರಿಯ 50 ಜಿಬಿ ಬ್ಯಾಕಪ್ 20 ಎಂಬಿಪಿಎಸ್‌ನಲ್ಲಿ ಐದೂವರೆ ಗಂಟೆ, 100ರಲ್ಲಿ ಒಂದು ಗಂಟೆ ಚಿಲ್ಲರೆ. ಮನೆಯವರ ಪ್ಯಾಕೇಜನ್ನೇ ಕೊಟ್ಟು ಸಂಜೆ ಬೀದಿಯೆಲ್ಲ ವಿಡಿಯೋ ಕಳಿಸುವ ಹೊತ್ತಿಗೆ ಕ್ಲಿನಿಕ್ಕಿನ ಕರೆ ಮುರಿದರೆ ಅದು ವ್ಯಾಪಾರದ ಕನೆಕ್ಷನ್ ಅಲ್ಲ. ಓಎಲ್‌ಟಿಯಲ್ಲಿ ಅಪ್‌ಲೋಡ್ ಪಾಲು ಹಂಚುವ ಟಿ-ಕಾಂಟ್ ಎಂಬ ವ್ಯವಸ್ಥೆ ಇರುವುದು ಇದಕ್ಕೇ. ಮನೆಗಳಿಗೆ ಟೈಪ್ 4, ಉಳಿದರೆ ಸಿಗುವಂಥದು. ವ್ಯಾಪಾರಕ್ಕೆ ಟೈಪ್ 3, ಅಂದರೆ ಇಷ್ಟು ಖಾತರಿ, ಅದರ ಮೇಲೆ ಖಾಲಿ ಇದ್ದಷ್ಟು. ಅಂಗಡಿಗೆ 10, ಗೋದಾಮಿಗೆ 50 ಎಂಬಿಪಿಎಸ್ ಖಾತರಿಯಿಂದ ಶುರುಮಾಡಬಹುದು. ಒಂದು ಪೋರ್ಟಿನ ಖಾತರಿಗಳ ಮೊತ್ತ 800 ಎಂಬಿಪಿಎಸ್ ದಾಟಲು ಬಿಡಬೇಡಿ.

ವಿಳಾಸ: ಸಿಜಿನ್ಯಾಟ್ (ಹಲವರಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚುವ ವ್ಯವಸ್ಥೆ) ಹಿಂದೆ ಕೂತವರಿಗೆ ಹೊರಗಿನಿಂದ ನೇರವಾಗಿ ಕ್ಯಾಮೆರಾ ನೋಡಲು, ಕಚೇರಿಗೆ ನೇರ ವಿಪಿಎನ್ ಕಟ್ಟಲು ಆಗುವುದಿಲ್ಲ. ಕೇಳಿದ ವ್ಯಾಪಾರಿಗೆ ಸ್ಥಿರ ಐಪಿವಿ4 ವಿಳಾಸ, ಎಲ್ಲರಿಗೂ ಐಪಿವಿ6 /56 ವಿಳಾಸಗಳ ಗುಂಪು.

ಸ್ಪ್ಲಿಟರ್ ಬಗ್ಗೆ ಡೆಸಿಬೆಲ್ ಅವರಿಗಿಂತ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮನೆಗಳಿಗೆ ಎರಡು ಹಂತ ಸರಿ. ವ್ಯಾಪಾರದವರಿಗೆ ಪ್ರತಿ ಹಳ್ಳಿಯಲ್ಲೂ ಒಂದೇ ಕ್ಯಾಬಿನೆಟ್ಟಿನೊಳಗೆ 1:16 ಇಟ್ಟು, ಅಲ್ಲಿಂದ ಪ್ರತಿ ಜಾಗಕ್ಕೂ ಸ್ವಂತ ಫೈಬರ್ ಒಯ್ಯಿರಿ. ನಾಳೆ ಕೋಲ್ಡ್ ಸ್ಟೋರೇಜಿನವರು ಪ್ರತ್ಯೇಕ ಲೈನ್ ಕೇಳಿದರೆ ಕ್ಯಾಬಿನೆಟ್ಟಿನಲ್ಲಿ ಪ್ಯಾಚ್ ಕಾರ್ಡ್ ಒಂದನ್ನು ಬದಲಿಸಿದರೆ ಮುಗಿಯಿತು. ಚದುರಿದ ಘಟಕಗಳಿಗೆ ಟ್ಯಾಪ್ ಹಾಕಿದರೂ ಅದೇ ಕೇಬಲಿನಲ್ಲಿ ಎರಡು ಫೈಬರ್ ಬಿಡಿಯಾಗಿ ಇರಲಿ.

ಖಾತರಿಯ ಮಾತು. ವರ್ಷಕ್ಕೆ 99.9 ಪ್ರತಿಶತ ಎಂದರೆ ನಿಲ್ಲಬಹುದಾದದ್ದು 8 ಗಂಟೆ 45 ನಿಮಿಷ. 99.5 ಎಂದರೆ 43 ಗಂಟೆ 48 ನಿಮಿಷ. ಒಂದೇ ಫೀಡರ್ ಇದ್ದು ಅದು ಎಲ್ಲೋ ಜೆಸಿಬಿಗೆ ಸಿಕ್ಕರೆ, ಜಾಗ ಹುಡುಕಿ, ಅಗೆದು, 48 ಫೈಬರ್ ಜೋಡಿಸಿ ಮುಗಿಸುವಷ್ಟರಲ್ಲಿ ಮೊದಲನೆಯ ಅವಧಿ ತೀರಿಹೋಗುತ್ತದೆ. ಆದ್ದರಿಂದ ಒಂದೇ ದಾರಿಯ ಮೇಲೆ 99.9 ಬರೆದುಕೊಡಬಾರದು. ಕೊಡಬೇಕೆಂದರೆ ಟೈಪ್ ಬಿ ರಕ್ಷಣೆ: 1:16 ಬದಲು 2:16 ಸ್ಪ್ಲಿಟರ್, ಎರಡು ಓಎಲ್‌ಟಿ ಪೋರ್ಟ್, ಎರಡು ಫೀಡರ್. ಎರಡನೆಯ ಫೀಡರ್ ಬೇರೆ ರಸ್ತೆಯಲ್ಲಿ ಬರಬೇಕು; ಒಂದೇ ಕಾಲುವೆಯ ಎರಡು ಡಕ್ಟುಗಳನ್ನು ಜೆಸಿಬಿ ಒಟ್ಟಿಗೇ ಎತ್ತುತ್ತದೆ. ಬದಲಿ ರಸ್ತೆ ಇಲ್ಲದಿದ್ದರೆ ಕಾರ್ಡ್ ಪಾವತಿ ಮತ್ತು ಬಿಲ್ಲಿಂಗ್ ಮಟ್ಟಿಗಾದರೂ ಮೊಬೈಲ್ ಡೇಟಾಗೆ ತಾನಾಗಿ ಹೊರಳುವ ರೂಟರ್ ಕೊಡಿ.

ಕರೆಂಟ್ ಹೋದರೆ ಫೈಬರ್ ಇದ್ದೂ ಇಲ್ಲ. ವೈಫೈ ಸಹಿತ ಓಎನ್‌ಟಿ ಸುಮಾರು 10 ವ್ಯಾಟ್ ಎಳೆಯುತ್ತದೆ. ಮಿನಿ ಯುಪಿಎಸ್ ಮೇಲೆ 10,000 ಎಂಎಎಚ್ ಎಂದು ಬರೆದಿದ್ದರೆ ಅದು 3.7 ವೋಲ್ಟಿನ ಲೆಕ್ಕ, 37 ವ್ಯಾಟ್‌ಅವರ್. 12 ವೋಲ್ಟಿಗೆ ಏರಿಸುವಾಗ ಕಳೆದು ಉಳಿಯುವುದು 31, ಅಂದರೆ 3 ಗಂಟೆ. ಮಾರುವಾಗ ಈ 3 ಗಂಟೆಯನ್ನೇ ಹೇಳಿ. ಓಎಲ್‌ಟಿ 100 ವ್ಯಾಟಿನದಾದರೆ 8 ಗಂಟೆಗೆ 800 ವ್ಯಾಟ್‌ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಇಳಿಸಬಾರದಾದ್ದರಿಂದ 48 ವೋಲ್ಟ್, 40 ಆಂಪಿಯರ್‌ಅವರ್ ಇಡಿ.

ಉತ್ತರ 5: ಹಸಿರು ಕನೆಕ್ಟರ್

ದುರಸ್ತಿಯ ಕಡೆಯಿಂದ ನಾಲ್ಕು ಮಾತು. ಕನೆಕ್ಷನ್ ಕೊಟ್ಟ ದಿನ ಪ್ರತಿ ಓಎನ್‌ಟಿಯ ರಿಸೀವ್ ಪವರ್ ಬರೆದಿಡಿ. ಮೂಲ ಅಂಕಿ ಇಲ್ಲದೆ −24 ಕಂಡರೆ ಅದು ಸಹಜವೋ ಕೆಟ್ಟದ್ದೋ ಹೇಳಲಾಗದು.

ದೂರು ಬಂದಾಗ ಓಎಲ್‌ಟಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಓಎನ್‌ಟಿ ಆರುವ ಮುನ್ನ ಡೈಯಿಂಗ್ ಗ್ಯಾಸ್ಪ್ ಸಂಕೇತ ಕಳಿಸಿದ್ದರೆ ಗ್ರಾಹಕರ ಕಡೆ ಕರೆಂಟ್ ಹೋಗಿದೆ, ಜೀಪ್ ಹೊರಡಿಸಬೇಡಿ. ಸಂಕೇತವಿಲ್ಲದೆ ಒಬ್ಬರದ್ದೇ ಹೋಗಿದ್ದರೆ ಡ್ರಾಪ್ ಕೇಬಲ್ (ಗ್ರಾಹಕರ ಜಾಗಕ್ಕೆ ಹೋಗುವ ಕೊನೆಯ ತುಂಡು). ಒಂದು ಸ್ಪ್ಲಿಟರಿನವರೆಲ್ಲ ಹೋಗಿದ್ದರೆ ಅದರ ಇನ್‌ಪುಟ್. ಪೋರ್ಟಿನವರೆಲ್ಲ ಇದ್ದೂ ಬಿಟ್ಟುಬಿಟ್ಟು ಬರುತ್ತಿದ್ದರೆ ಯಾವುದೋ ಒಂದು ಓಎನ್‌ಟಿ ತನ್ನ ಸರದಿ ಬಿಟ್ಟು ಬೆಳಕು ಕಳಿಸುತ್ತಿದೆ. ಒಂದೊಂದಾಗಿ ಬಿಚ್ಚಿ ಪತ್ತೆ ಹಚ್ಚಬೇಕು.

ಒಬ್ಬರ ಮಟ್ಟ ಇದ್ದಕ್ಕಿದ್ದಂತೆ 3–4 ಡಿಬಿ ಇಳಿದರೆ ಮೊದಲು ಕನೆಕ್ಟರ್ ಬಣ್ಣ ನೋಡಿ. ಹಸಿರಿನ ಎಪಿಸಿ ತುದಿ 8 ಡಿಗ್ರಿ ಓರೆ, ನೀಲಿಯ ಯುಪಿಸಿ ನೇರ. ಎರಡನ್ನೂ ಸೇರಿಸಿದರೆ ನಡುವೆ ಗಾಳಿ ಉಳಿದು ಲಾಸ್ ಏರುತ್ತದೆ, ತುದಿಯೂ ಗೀಚಿಹೋಗುತ್ತದೆ. ಬಣ್ಣ ಸರಿ ಇದ್ದರೆ ಬಾಗು ಹುಡುಕಿ: 1310ಕ್ಕಿಂತ 1550ರಲ್ಲಿ ಲಾಸ್ ಬಹಳ ಹೆಚ್ಚು ಕಂಡರೆ ಅದು ಬಾಗೇ. ಮನೆಯೊಳಗಿನ ಡ್ರಾಪಿಗೆ 7.5 ಮಿ.ಮೀ. ತ್ರಿಜ್ಯ ತಾಳುವ ಜಿ.657ಎ2 ಹಾಕಿದರೆ ಈ ದೂರು ಬಹಳಷ್ಟು ತಗ್ಗುತ್ತದೆ. ಆ ಡ್ರಾಪಿನ ಬಲಗಂಬಿ ಲೋಹವಲ್ಲದ ಎಫ್‌ಆರ್‌ಪಿಯದಿರಲಿ. ಉಕ್ಕಿನದಾದರೆ ಸಿಡಿಲು ಅದರ ಮೂಲಕ ಗ್ರಾಹಕರ ಗೋಡೆಯವರೆಗೆ ಬರುತ್ತದೆ. ಚಾಲೂ ಫೈಬರಿಗೆ ಸಾಮಾನ್ಯ ಓಟಿಡಿಆರ್ ಹಚ್ಚಬೇಡಿ, ಫಿಲ್ಟರ್ ಇರುವ 1625 ಅಥವಾ 1650ರದ್ದೇ ಬೇಕು.

ಸ್ಟೋರಿನಲ್ಲಿ ಸದಾ ಇರಬೇಕಾದ್ದು: ಅದೇ ಕೇಬಲ್ 300 ಮೀಟರ್, ಕ್ಲೋಷರ್ ನಾಲ್ಕು, ಓಎಲ್‌ಟಿ ಮಾಡ್ಯೂಲ್ ಎರಡು, ಓಎನ್‌ಟಿ ಹತ್ತು. ತುಂಡಾದ ಜಾಗದಲ್ಲಿ ಎರಡು ತುದಿ ಒಂದನ್ನೊಂದು ಮುಟ್ಟುವುದು ಅಪರೂಪ, ನಡುವೆ ಹೊಸ ತುಂಡು ಸೇರಿಸಿ ಎರಡು ಜಾಯಿಂಟ್ ಮಾಡಬೇಕಾಗುತ್ತದೆ. ಹಾಗಾಗಿ ಪ್ರತಿ ದುರಸ್ತಿಗೆ 0.2 ಡಿಬಿ ಹೋಗುತ್ತದೆ, ಮೇಲೆ ಹೇಳಿದ 3 ಡಿಬಿ ಮೀಸಲಿನಿಂದ ಕಳೆಯುತ್ತ ಬನ್ನಿ.

ಪ್ರತಿ ಲೂಪಿನ ಜಾಗ ಮತ್ತು ಉದ್ದವನ್ನು ಕೇಬಲಿನ ಮೇಲೆ ಅಚ್ಚಾದ ಮೀಟರ್ ಅಂಕಿಯ ಸಮೇತ ದಾಖಲಿಸಿ. ಓಟಿಡಿಆರ್ 6,480 ಮೀಟರ್ ಎಂದರೆ ಅದು ಫೈಬರಿನ ಅಳತೆ. ಅಷ್ಟರೊಳಗೆ 30 ಮೀಟರಿನ ಐದು ಲೂಪ್ ಇದ್ದರೆ ಅಗೆಯಬೇಕಾದ ಜಾಗ ಸುಮಾರು 6,330ರ ಹತ್ತಿರ. ಜೋತು ತಿರುವಿನ ಲೆಕ್ಕ ಬೇರೆ. ಆದ್ದರಿಂದ ಸೊನ್ನೆಯಿಂದ ಅಳೆಯದೆ, ದೋಷಕ್ಕೆ ಹತ್ತಿರದ ಗೊತ್ತಿರುವ ಜಾಯಿಂಟಿನಿಂದ ಅಳೆದು ಗುದ್ದಲಿ ಇಡಿ.